ಕೆಳಗೆ ನಿಂತವರ ಕೈ

ನಮ್ಮನೆಯವರಿಗೆ ಫೋನಿನಲ್ಲಿ ಮಾತಾಡಲು ಬರುವುದಿಲ್ಲ. ದೂರು ಹೇಳುತ್ತಿದ್ದಾಳೆ ಎಂದುಕೊಳ್ಳಬೇಡಿ, ಇದ್ದದ್ದನ್ನು ಹೇಳುತ್ತಿದ್ದೇನೆ. ಹೋಗಲಿ, ಸ್ವಲ್ಪ ದೂರೂ ಹೌದು. ದಿನಾ ಸಂಜೆ ಕೆಲಸ ಬಿಟ್ಟ ಮೇಲೆ ಫೋನ್ ಮಾಡುತ್ತಾರೆ. "ಹಲೋ. ಊಟ ಆಯ್ತಾ?" ಸಂಜೆ ಹೊತ್ತಿಗೆ ಯಾರಾದರೂ ಊಟ ಮಾಡುತ್ತಾರೆಯೇ? ಆದರೂ ಕೇಳುತ್ತಾರೆ. ಆಮೇಲೆ ನಾನು ಅತ್ತೆಯ ಮಂಡಿನೋವು, ನಲ್ಲಿಯ ಸೋರಿಕೆ, ಪಕ್ಕದ ಮನೆಯವರ ಜಗಳ ಎಲ್ಲ ಹೇಳಿ ಗಂಟಲು ಒಣಗಿಸಿಕೊಂಡರೂ ಆ ಕಡೆಯಿಂದ "ಹೂಂ" ಬಿಟ್ಟರೆ ಬೇರೆ ಸದ್ದಿಲ್ಲ. "ಇದೀರಾ, ಇಲ್ಲ ನಿದ್ದೆ ಹೋದ್ರಾ?" ಎಂದು ರೇಗಿದರೆ "ಇದೀನಿ" ಎನ್ನುತ್ತಾರೆ. ಇದ್ದಾರಂತೆ! ಬೆಳಗ್ಗೆ ರೈಲು ಹತ್ತಿದರೆ ಕತ್ತಲಾಗುವ ಹೊತ್ತಿಗೆ ತಲುಪುವಷ್ಟು ದೂರದಲ್ಲಿ, ಬಂದರಿನ ಹಿಂದಿನ ಬೀದಿಯ ಒಂದು ಕೋಣೆಯಲ್ಲಿ, ಇನ್ನೂ ಮೂವರು ಗಂಡಸರ ಜೊತೆ ಇದ್ದಾರೆ.

ಹಾಗಂತ ಅವರಿಗೆ ಮಾತೇ ಬರುವುದಿಲ್ಲ ಎಂದಲ್ಲ. ಅವರ ಮಾತೆಲ್ಲ ಕೈಯಲ್ಲಿದೆ. ಅವರು ಸಿಗ್ನಲ್‌ಮನ್. ಕ್ರೇನಿನ ಕೆಳಗೆ ನಿಂತು, ಮೇಲೆ ಕ್ಯಾಬಿನ್ನಿನಲ್ಲಿ ಕೂತವರಿಗೆ ಎತ್ತು, ಇಳಿಸು, ಎಡಕ್ಕೆ, ಬಲಕ್ಕೆ, ನಿಲ್ಲಿಸು ಎಂದು ಕೈಯಲ್ಲಿ ತೋರಿಸುವುದು ಅವರ ಕೆಲಸ. ಮೇಲೆ ಕೂತವಳು ನಾನು. ಉಕ್ಕಿನ ಯಾರ್ಡಿನಲ್ಲಿ ಎಲ್ಲರೂ ನನ್ನನ್ನು ಮೇಲಿನಮ್ಮ ಎನ್ನುತ್ತಿದ್ದರು, ಅವರನ್ನು ಮೌನಿ ಎನ್ನುತ್ತಿದ್ದರು. ಮೇಲಿನಮ್ಮನ ಬಾಯಿಗೂ ಮೌನಿಯ ಬಾಯಿಗೂ ಸೇರಿಸಿ ದೇವರು ಒಂದೇ ಅಳತೆ ಕೊಟ್ಟ, ಅದನ್ನೆಲ್ಲ ಇವಳೊಬ್ಬಳೇ ಹೊಡೆದುಕೊಂಡಳು ಎಂದು ಯಾರ್ಡಿನವರು ನಗುತ್ತಿದ್ದರು.

ಅಲ್ಲಿಯ ಪದ್ಧತಿ ಹೀಗಿತ್ತು. ಕೆಳಗಿನವರು ಸನ್ನೆ ಮಾಡಬೇಕು, ಮೇಲಿನವರು ಒಂದು ಚಿಕ್ಕ ಹಾರ್ನ್ ಹೊಡೆಯಬೇಕು. ಅರ್ಥ ಆಯ್ತು ಎಂದು ಅದರ ಅರ್ಥ. ಹಾರ್ನ್ ಆದ ಮೇಲೆಯೇ ಲೋಡು ಕದಲಬೇಕು. ನಾನು ಹೊಸಬಳಾಗಿದ್ದಾಗ ಒಮ್ಮೆ ಗಾಳಿಗೆ ಉಕ್ಕಿನ ತೊಲೆ ತೂಗಾಡತೊಡಗಿತು. ನನಗೆ ಜೀವ ಬಾಯಿಗೆ ಬಂತು. ಕೆಳಗೆ ನೋಡಿದೆ. ಅವರು ಬಲಗೈ ಮುಂದೆ ಚಾಚಿ, ಅಂಗೈ ಕೆಳಮುಖ ಮಾಡಿ, ಮಲಗಿದ ಮಗುವಿನ ಬೆನ್ನು ತಟ್ಟಿದ ಹಾಗೆ ಗಾಳಿಯನ್ನು ಮೆಲ್ಲಗೆ ತಟ್ಟುತ್ತಿದ್ದರು. ಅಂಥ ಸನ್ನೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಆದರೂ ನನಗೆ ಅರ್ಥವಾಯಿತು. ಮೆಲ್ಲಗೆ ಇಳಿಸು, ಗಾಬರಿ ಬೇಡ, ನಾನಿದ್ದೀನಿ. ನಾನು ಹಾರ್ನ್ ಹೊಡೆದೆ, ಮೆಲ್ಲಗೆ ಇಳಿಸಿದೆ.

ಆಮೇಲೆ ಆ ಸನ್ನೆ ನಮ್ಮಿಬ್ಬರದೇ ಆಯಿತು. ಲೋಡು ಭಾರವಿದ್ದಾಗ, ನನಗೆ ಸಿಟ್ಟು ಬಂದಾಗ, ನಾನು ಏಣಿ ಇಳಿದು ಬರುವಾಗ ಅವರು ಕೆಳಗೆ ನಿಂತು ಗಾಳಿ ತಟ್ಟುತ್ತಿದ್ದರು. ಮದುವೆಯ ವಿಷಯವನ್ನಾದರೂ ಬಾಯಿಬಿಟ್ಟು ಕೇಳಿದರೇ? ಇಲ್ಲ. ನನ್ನ ಮುಂದೆ ಬಂದು ಬೆವರುತ್ತ ನಿಂತರು. ಏನು ಎಂದೆ. ಅದೇ ಕೈ. ನಾನೇ "ಸರಿ, ನಮ್ಮಪ್ಪನ ಹತ್ರ ಬಾಯಲ್ಲೇ ಕೇಳ್ಬೇಕಾಗತ್ತೆ, ಅಭ್ಯಾಸ ಮಾಡ್ಕೊಳ್ಳಿ" ಎಂದೆ.

ನಾಲ್ಕು ವರ್ಷದ ಹಿಂದೆ ಯಾರ್ಡಿನವರು ಸಿಗ್ನಲ್‌ಮನ್‌ಗಳನ್ನೆಲ್ಲ ಮನೆಗೆ ಕಳಿಸಿ, ನಮ್ಮ ಕಿವಿಗೆ ವೈರ್‌ಲೆಸ್ ಸಿಕ್ಕಿಸಿದರು. ಇವರಿಗೆ ಬಂದರಿನಲ್ಲಿ ಕೆಲಸ ಸಿಕ್ಕಿತು, ನನಗೆ ಸಿಗಲಿಲ್ಲ. ಹೊಟ್ಟೆಪಾಡು, ಏನು ಮಾಡುವುದು. ಅತ್ತೆಯೂ ನಾನೂ ಇಲ್ಲಿ ಉಳಿದೆವು. ಇವರು ಹಬ್ಬಕ್ಕೆ ಬಂದರೂ ಎರಡೇ ದಿನ. ಅಂದಿನಿಂದ ನನಗೆ ಕೆಳಗೆ ಯಾರ ಕೈಯೂ ಇಲ್ಲ. ಕಿವಿಯಲ್ಲೊಂದು ಧ್ವನಿ ಎತ್ತು ಎಂದರೆ ಎತ್ತುತ್ತೇನೆ, ಇಳಿಸು ಎಂದರೆ ಇಳಿಸುತ್ತೇನೆ. ಕೆಲಸವೇನೋ ನಡೆಯುತ್ತದೆ. ಆದರೆ ಎಷ್ಟೋ ಸಲ ಸುಮ್ಮನೆ ಕೆಳಗೆ ಬಗ್ಗಿ, ಅವರು ನಿಲ್ಲುತ್ತಿದ್ದ ಜಾಗ ನೋಡುತ್ತಿದ್ದೆ. ಅಲ್ಲಿ ಈಗ ಯಾರೋ ಸೈಕಲ್ ನಿಲ್ಲಿಸುತ್ತಾರೆ. ಆ ಸೈಕಲ್ ಕಂಡರೆ ನನಗೆ ಮೈ ಉರಿಯುತ್ತಿತ್ತು.

ವಿಡಿಯೊ ಕಾಲ್ ಮಾಡಬಹುದಲ್ಲ ಎನ್ನುತ್ತೀರಿ. ಮಾಡಿದೆವು. ಒಂದು ಕೈಯಲ್ಲಿ ಫೋನು ಹಿಡಿದರೆ ಆ ಮನುಷ್ಯನಿಗೆ ಅರ್ಧ ಮಾತು ಅಲ್ಲೇ ನಿಂತುಹೋಗುತ್ತದೆ. "ಫೋನನ್ನ ನೀರಿನ ಬಾಟಲಿಗೆ ಒರಗಿಸಿಡ್ರೀ" ಎಂದೆ. ಬಾಟಲಿ ಉರುಳಿತು. ಅವರು ಏನೋ ಹೇಳುತ್ತಿದ್ದರು, ನಾನು ಕೋಣೆಯ ಫ್ಯಾನ್ ನೋಡುತ್ತ ಕೂತಿದ್ದೆ. ಹಿಂದಿನಿಂದ ಮೂವರೂ ಹೋ ಎಂದು ನಕ್ಕರು. ಅಲ್ಲಿಗೆ ನಾಚಿಕೊಂಡು ವಿಡಿಯೊ ಬಿಟ್ಟೇಬಿಟ್ಟರು.

ಹೀಗಿರುವಾಗ ಒಂದು ಸಂಜೆ ಫೋನಿನಲ್ಲಿ ಊಟ ಆಯ್ತಾ ಎಂದು ಕೇಳಲಿಲ್ಲ. ಏನೋ ಆಗಿದೆ ಎಂದು ಎದ್ದು ನಿಂತೆ.

"ಇಲ್ಲಿ ಒಂದು ಜಾಗ ಖಾಲಿ ಇದೆ. ಕ್ರೇನ್ ಆಪರೇಟರ್. ಹೆಂಗಸರೂ ಹಾಕ್ಬಹುದಂತೆ. ಇಂಟರ್‌ವ್ಯೂ ಮಾಡ್ತಾರೆ, ಆಮೇಲೆ ಕ್ರೇನ್ ಹತ್ತಿಸಿ ನೋಡ್ತಾರೆ. ಒಬ್ರನ್ನೇ ತಗೊಳ್ಳೋದು. ಈ ಸಲ ಬಿಟ್ರೆ ಮತ್ತೆ ಯಾವಾಗ್ಲೋ."

ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಕೊನೆಗೆ ಸ್ವಲ್ಪ ತಡೆದು, "ಬಾ" ಎಂದರು. ಆ ಒಂದಕ್ಷರಕ್ಕೆ ನನ್ನ ಕಣ್ಣು ತುಂಬಿತು. ಅದನ್ನು ಅವರಿಗೆ ಗೊತ್ತಾಗಗೊಡದೆ, "ಬರ್ತೀನಿ, ಅದಕ್ಕೆ ಅಷ್ಟುದ್ದ ಭಾಷಣ ಯಾಕೆ" ಎಂದು ಫೋನಿಟ್ಟೆ.

ಅಂದಿನಿಂದ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಬಂದರಿನವರ ಸನ್ನೆಗಳು ಬೇರೆ. ನಮ್ಮ ಯಾರ್ಡಿನದ್ದು ಮನೆಬಳಕೆಯ ಸನ್ನೆ, ಸೊಂಟದ ಹತ್ತಿರ ಬೆರಳಾಡಿಸಿದರೂ ನಡೆಯುತ್ತಿತ್ತು. ಅಲ್ಲಿ ಎಲ್ಲವೂ ಚಾರ್ಟಿನಲ್ಲಿದ್ದ ಹಾಗೆಯೇ ಆಗಬೇಕು, ತೋಳು ಇಷ್ಟೇ ಚಾಚಬೇಕು, ಬೆರಳು ಹೀಗೇ ತಿರುಗಬೇಕು. ಅವರು ಚಾರ್ಟಿನ ಫೋಟೊ ಕಳಿಸಿದರು. ನಾನು ಅದನ್ನು ದೊಡ್ಡದು ಮಾಡಿಸಿ ಒಲೆಯ ಪಕ್ಕದ ಗೋಡೆಗೆ ಅಂಟಿಸಿದೆ. ಹಾಲು ಉಕ್ಕಿದ್ದೂ ಗೊತ್ತಾಗದೆ ಅದರ ಮುಂದೆ ನಿಂತಿರುತ್ತಿದ್ದೆ.

ಹೊಸದನ್ನು ಕಲಿಯುವುದು ಕಷ್ಟವಾಗಲಿಲ್ಲ. ಹಳೆಯದನ್ನು ಬಿಡುವುದೇ ಕಷ್ಟವಾಯಿತು. ಇವರ ಜೊತೆ ಕೆಲಸ ಮಾಡಿ ನನಗೊಂದು ಚಾಳಿ ಅಂಟಿತ್ತು. ಅವರ ಭುಜ ಕದಲಿದರೆ ಸಾಕು, ಕೈ ಏಳುವ ಮುಂಚೆಯೇ ನನಗೆ ಗೊತ್ತಾಗಿ ಲಿವರ್ ಎಳೆದಿರುತ್ತಿದ್ದೆ. "ಇಲ್ಲಿ ಅದೆಲ್ಲ ಮಾಡಿದ್ರೆ ಅವತ್ತೇ ಮನೆಗೆ" ಎಂದು ಅವರು ಫೋನಿನಲ್ಲಿ ಎಚ್ಚರಿಸಿದರು. "ಸನ್ನೆ ಪೂರ್ತಿ ಆಗ್ಬೇಕು. ಹಾರ್ನ್ ಹೊಡೀಬೇಕು. ಆಮೇಲೇ ಲಿವರ್. ಅನುಮಾನ ಬಂದ್ರೆ ನಿಲ್ಸು. ನಿಲ್ಸಿದವರನ್ನ ಯಾರೂ ಬೈಯಲ್ಲ. ತಿಳೀತಾ?"

"ತಿಳೀತು ಕಣ್ರೀ. ಅದನ್ನೇ ಎಷ್ಟು ಸಲ ಹೇಳ್ತೀರಿ?"

"ಹೂಂ" ಎಂದರು.

ಅಭ್ಯಾಸಕ್ಕೆ ಕೆಳಗೆ ನಿಂತವರು ನಮ್ಮ ಅತ್ತೆ. ನಾನು ಅಟ್ಟದ ಮೆಟ್ಟಿಲ ಮೇಲೆ ಕೂರುವುದು, ಅವರು ಅಡುಗೆಮನೆಯ ಬಾಗಿಲಲ್ಲಿ ಕೈಯಲ್ಲಿ ಸೌಟು ಹಿಡಿದು ಚಾರ್ಟ್ ನೋಡಿಕೊಂಡು ಸನ್ನೆ ಮಾಡುವುದು. ನಾನು ಬಾಯಲ್ಲೇ "ಪೀಂ" ಎನ್ನಬೇಕು. ಒಮ್ಮೆ ಅವರು ಸೌಟಿನಲ್ಲಿ ಎಡಕ್ಕೆ ಎಂದು ತೋರಿಸಿದರು, ಸೌಟಿನ ಸಾರು ಬಲಗಡೆ ಗೋಡೆಗೆ ಹಾರಿತು. "ಇದು ಯಾವ ಸಿಗ್ನಲ್ಲು ಅತ್ತೆ?" ಎಂದೆ. "ಇದು ಗೋಡೆ ಒರೆಸು ಅಂತ ಸಿಗ್ನಲ್ಲು, ಇಳಿದು ಬಾ" ಎಂದರು.

ಕೈಯ ಪಾಠ ಮುಗಿದ ಮೇಲೆ ಬಾಯಿಯ ಪಾಠ. ಇಂಟರ್‌ವ್ಯೂನಲ್ಲಿ ಏನೇನು ಕೇಳುತ್ತಾರೆ ಎಂದು ಫೋನಿನಲ್ಲಿ ವಿಡಿಯೊ ನೋಡಿ ಪ್ರಶ್ನೆ ಬರೆದುಕೊಟ್ಟಿದ್ದೆ. ಅತ್ತೆ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ನನ್ನನ್ನು ಮುಂಚೆ ಕಂಡೇ ಇಲ್ಲವೆಂಬಂತೆ ನೋಡುತ್ತಿದ್ದರು.

"ನಿಮ್ಮ ದೌರ್ಬಲ್ಯ ಏನು?"

"ಕೆಲಸದಲ್ಲಿ ಅತಿಯಾದ ಶ್ರದ್ಧೆ, ಮೇಡಂ."

"ಅಯ್ಯೋ ಸುಳ್ಳೇ! ಮೂಗಿನ ತುದೀಲಿ ಕೋಪ ಅಂತ ಹೇಳೇ. ನಾನು ಒಳಗೆ ಕೂತಿದ್ರೆ ನಿನ್ನ ಆಚೆ ಕಳಿಸ್ತಿದ್ದೆ."

"ನೀವು ಒಳಗೆ ಕೂತಿರಲ್ಲ ಬಿಡಿ. ಮುಂದಿನದು ಕೇಳಿ."

"ಈ ಕೆಲಸ ನಿಮಗೆ ಯಾಕೆ ಬೇಕು?"

ಇದಕ್ಕೆ ನಾನೊಂದು ಉತ್ತರ ಬಾಯಿಪಾಠ ಮಾಡಿದ್ದೆ. ದೊಡ್ಡ ಬಂದರು, ಹೊಸ ಯಂತ್ರಗಳು, ಕಲಿಯುವ ಅವಕಾಶ. ಬಾಯಿ ತೆರೆದೆ, ಕಣ್ಣು ಗೋಡೆಯ ಚಾರ್ಟಿಗೆ ಹೋಗಿ ನಿಂತಿತು. ಕಾಲ ಮೇಲಿನ ಕಾಲನ್ನು ಅತ್ತೆ ಮೆಲ್ಲಗೆ ಇಳಿಸಿದರು. ಅವರ ಮಗನೇ ಅಲ್ಲವೇ ಅಲ್ಲಿರುವುದು. ಆಮೇಲೆ ಅವರೇ ಸೆರಗಿನಲ್ಲಿ ಮೂಗೊರೆಸಿಕೊಂಡು ಹೇಳಿದರು, "ಅವನ ಹತ್ರ ಹೋಗ್ಬೇಕು ಅಂತ ಮಾತ್ರ ಅಲ್ಲಿ ಹೇಳ್ಬೇಡ್ವೇ. ಅವರು ಕೊಡೋದು ಕೆಲಸ, ಗಂಡನ್ನಲ್ಲ."

ಇಂಟರ್‌ವ್ಯೂಗೆ ಹಿಂದಿನ ದಿನವೇ ಹೊರಟು, ಬಂದರಿನವರ ಹೆಂಗಸರ ವಸತಿಯಲ್ಲಿ ಉಳಿದುಕೊಂಡೆ. ಅಲ್ಲಿಗೆ ಗಂಡಸರನ್ನು ಬಿಡುವುದಿಲ್ಲ, ಇವರ ಕೋಣೆಗೆ ಹೆಂಗಸರನ್ನು ಬಿಡುವುದಿಲ್ಲ. ಇವರಿಗೆ ಆ ದಿನ ತಡವಾಗಿ ಬಿಡುವ ಪಾಳಿ ಬೇರೆ. ಅದೇ ಊರಿಗೆ ಬಂದರೂ ಫೋನೇ ಗತಿ. "ನಾಳೆ ನಾನು ಆ ಕಡೆ ಹಡಗುಕಟ್ಟೆಯಲ್ಲಿರ್ತೀನಿ. ನಿನ್ನ ಪರೀಕ್ಷೆ ಈ ಕಡೆ. ಮುಗಿಸಿಕೊಂಡು ಗೇಟಿನ ಹತ್ರ ಬಾ" ಎಂದರು. ಸರಿ ಎಂದೆ. ಕಿಟಕಿಯಿಂದ ನೋಡಿದರೆ ದೂರದಲ್ಲಿ ಕ್ರೇನುಗಳ ಕೆಂಪು ದೀಪಗಳು ಕಾಣುತ್ತಿದ್ದವು. ಅವುಗಳಲ್ಲಿ ಯಾವುದರ ಕೆಳಗೆ ಇವರಿದ್ದಾರೋ ಎಂದು ನೋಡಿಯೇ ನೋಡಿದೆ.

ಬೆಳಗ್ಗೆ ಒಳಗೆ ಕರೆದರು. ಮೇಜಿನ ಆ ಕಡೆ ಮೂವರು. ನಡುವೆ ಕಚೇರಿಯ ಮೇಡಂ, ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಅವರ ಎಡಕ್ಕೆ ಸುರಕ್ಷತೆಯ ಅಧಿಕಾರಿ, ನಗು ಎಂದರೆ ಏನೆಂದು ತಿಳಿಯದ ಮುಖ. ಬಲಕ್ಕೆ ಕ್ರೇನ್ ಮೇಸ್ತ್ರಿ, ನರೆತ ಕೂದಲು, ಅಂಗೈ ತುಂಬ ಹಳೆಯ ಗಾಯದ ಗುರುತು. ಆ ಕೈ ಕಂಡ ಮೇಲೆ ನನಗೆ ಸ್ವಲ್ಪ ಧೈರ್ಯ ಬಂತು.

ಗಾಳಿ ಎಷ್ಟಾದರೆ ಕೆಲಸ ನಿಲ್ಲಿಸುತ್ತೀರಿ, ತಂತಿಹಗ್ಗದಲ್ಲಿ ಏನೇನು ನೋಡುತ್ತೀರಿ, ಲೋಡಿನ ಕೆಳಗೆ ಜನ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರು. ಇದೆಲ್ಲ ನನ್ನ ದಿನನಿತ್ಯದ ಕೆಲಸ, ತಡವರಿಸದೆ ಹೇಳಿದೆ. ಮೇಡಂ ಕೇಳಿದರು, "ನಿಮ್ಮ ದೌರ್ಬಲ್ಯ ಏನು?"

ಅತ್ತೆಯ ಮುಖ ಕಣ್ಣ ಮುಂದೆ ಬಂದು ನಿಂತಿತು. "ಕೋಪ ಬೇಗ ಬರತ್ತೆ ಮೇಡಂ. ಆದ್ರೆ ಕ್ಯಾಬಿನ್ ಹತ್ತಿದ ಮೇಲೆ ಬರಲ್ಲ. ಅಲ್ಲಿ ಒಬ್ಬಳೇ ಇರ್ತೀನಲ್ಲ, ಯಾರ ಮೇಲೆ ಮಾಡ್ಕೊಳ್ಳೋದು?"

ಮೇಸ್ತ್ರಿ ನಕ್ಕರು. ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಈ ಬಂದರೇ ಯಾಕೆ?"

ದೊಡ್ಡ ಬಂದರು, ಹೊಸ ಯಂತ್ರಗಳು, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಏನು ಮಾಡಲಿ, ಬಾಯಿ ನನ್ನದಾದರೂ ಮಾತು ಕೇಳುವುದಿಲ್ಲ. "ನಮ್ಮನೆಯವರು ಇಲ್ಲೇ ಸಿಗ್ನಲ್‌ಮನ್, ಮೇಡಂ. ನಾಲ್ಕು ವರ್ಷ ಆಯ್ತು. ಅವರಿರೋ ಕಡೆ ಕೆಲಸ ಮಾಡ್ಬೇಕು ಅಂತ ಆಸೆ. ಕೆಲಸ ಬರತ್ತೆ ಅನ್ನೋದು ಬೇರೆ ವಿಷಯ, ಅದನ್ನ ನೀವೇ ನೋಡಿ."

"ಓ, ನಮ್ಮ ಮೌನಿ ಹೆಂಡ್ತಿನಾ!" ಎಂದರು ಮೇಸ್ತ್ರಿ. ಅಂದರೆ ಆ ಹೆಸರು ಇಲ್ಲಿಗೂ ಬಂದಿದೆ.

ಸುರಕ್ಷತೆಯವರು ಮಾತ್ರ ತಲೆಯೆತ್ತಿ, "ಒಂದು ವಿಷಯ ಗೊತ್ತಿರಲಿ. ಇಲ್ಲಿ ಗಂಡ ಹೆಂಡತಿಯನ್ನ ಒಂದೇ ಲೋಡಿಗೆ ಹಾಕೋದಿಲ್ಲ. ಯಾವತ್ತೂ ಇಲ್ಲ" ಎಂದರು. ಕೆಲಸ ಸಿಕ್ಕರೂ ಕ್ಯಾಬಿನ್ನಿನಿಂದ ಬಗ್ಗಿ ನೋಡಿದರೆ ಕಾಣುವುದು ಬೇರೆ ಯಾರದ್ದೋ ಕೈ. ಇರಲಿ, ಮನೆಗೆ ಬಂದರೆ ಇವರಿರುತ್ತಾರಲ್ಲ ಎಂದು ಮನಸ್ಸಿಗೆ ಹೇಳಿಕೊಂಡು, "ಆಗಲಿ ಸರ್" ಎಂದೆ.

ಪರೀಕ್ಷೆಗೆ ಮೇಸ್ತ್ರಿ ನನ್ನ ಜೊತೆ ಕ್ಯಾಬಿನ್ನಿಗೆ ಬಂದರು. ಸುರಕ್ಷತೆಯವರು ಕೆಳಗೆ ಶೆಡ್ಡಿನ ನೆರಳಲ್ಲಿ ನಿಂತರು. ಕಾಂಕ್ರೀಟಿನ ದಪ್ಪ ದಿಮ್ಮಿಯೊಂದನ್ನು ಎತ್ತಿ, ಕಂಟೇನರುಗಳ ಸಾಲು ದಾಟಿಸಿ, ನೆಲದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಚೌಕದೊಳಗೆ ಕೂರಿಸಬೇಕು. ಲಿವರುಗಳನ್ನು ಒಮ್ಮೆ ಮುಟ್ಟಿ ನೋಡಿ ಕೆಳಗೆ ಬಗ್ಗಿದೆ.

ಅಷ್ಟು ಎತ್ತರದಿಂದ ಮನುಷ್ಯರೆಲ್ಲ ಒಂದೇ. ಹಳದಿ ಹೆಲ್ಮೆಟ್ಟು, ಕಿತ್ತಳೆ ಅಂಗಿ. ಮುಖ ಕಾಣುವುದಿಲ್ಲ. ಅಂಥ ಒಂದು ಹೆಲ್ಮೆಟ್ಟು ಚೌಕದ ಪಕ್ಕ ಬಂದು ನಿಂತು, ಎಡಗಾಲ ಮೇಲೆ ಸ್ವಲ್ಪ ಭಾರ ಹಾಕಿ, ಬಲಭುಜ ಒಮ್ಮೆ ಕೊಡವಿತು.

ಅಯ್ಯೋ ನನ್ನ ಗಂಡನೇ.

ಆ ಕಡೆ ಕಟ್ಟೆಯಲ್ಲಿರುತ್ತೇನೆ ಎಂದ ಪುಣ್ಯಾತ್ಮ, ಯಾರ ಕೈಕಾಲು ಹಿಡಿದು ಪಾಳಿ ಅದಲುಬದಲು ಮಾಡಿಕೊಂಡರೋ, ಇಲ್ಲಿ ಬಂದು ನಿಂತಿದ್ದಾರೆ! ನನಗೆ ಒಟ್ಟಿಗೇ ಸಿಟ್ಟು ಬಂತು, ಅಳು ಬಂತು, ನಗು ಬಂತು. ಮೇಸ್ತ್ರಿಯ ಮುಖ ನೋಡಿದೆ, ಅವರಿಗೆ ಗುರುತು ಸಿಕ್ಕಿರಲಿಲ್ಲ. ಹೇಳಬೇಕಿತ್ತು. ಹೇಳಲು ಬಾಯಿ ಬರಲಿಲ್ಲ. ಸುಳ್ಳೇಕೆ, ಹೇಳಲು ಮನಸ್ಸೇ ಬರಲಿಲ್ಲ. ನಾಲ್ಕು ವರ್ಷದ ಮೇಲೆ ಆ ಎರಡು ಕೈಗಳೂ ನನ್ನ ಕ್ಯಾಬಿನ್ನಿನ ಕೆಳಗಿದ್ದವು.

ಅವರ ತೋಳು ಎದ್ದಿತು. ಎತ್ತು. ನಾನು ಹಾರ್ನ್ ಹೊಡೆದೆ, ಎತ್ತಿದೆ. ಬಲಕ್ಕೆ. ಹಾರ್ನ್. ಮುಂದಕ್ಕೆ. ಹಾರ್ನ್. ಚಾರ್ಟಿನಲ್ಲಿದ್ದ ಹಾಗೆಯೇ, ಒಂದು ಬೆರಳು ಆಚೀಚೆ ಇಲ್ಲ. ಭುಜ ಕದಲಿದಾಗಲೆಲ್ಲ ನನ್ನ ಕೈ ಮುಂದೆ ಹೋಗಲು ನೋಡುತ್ತಿತ್ತು, ಗದರಿಸಿ ಹಿಡಿದುಕೊಂಡೆ. ಸನ್ನೆ ಪೂರ್ತಿಯಾಗಲಿ, ಆಮೇಲೆ ಹಾರ್ನ್, ಆಮೇಲೆ ಲಿವರ್. ಮೇಸ್ತ್ರಿ ಹಿಂದಿನಿಂದ "ಚೆನ್ನಾಗಿದೆ" ಎಂದರು. ನನಗೆ ಎಷ್ಟು ಸುಖವಾಗಿತ್ತೆಂದರೆ, ಆ ದಿಮ್ಮಿಯನ್ನು ಸಂಜೆಯತನಕ ಅಲ್ಲೇ ತಿರುಗಿಸುತ್ತ ಇರಿ ಎಂದಿದ್ದರೂ ಇರುತ್ತಿದ್ದೆ.

ಚೌಕದ ಮೇಲೆ ಬಂದಾಗ ಸಮುದ್ರದ ಕಡೆಯಿಂದ ಬೀಸಿದ ಗಾಳಿಗೆ ದಿಮ್ಮಿ ತೂಗಿತು. ತುಂಬ ಏನಲ್ಲ. ಆದರೆ ಕೆಳಗೆ ಅವರು ಒಂದು ಹೆಜ್ಜೆ ಮುಂದೆ ಬಂದರು. ಬಲಗೈ ಮುಂದೆ ಚಾಚಿತು. ಅಂಗೈ ಕೆಳಗಾಯಿತು. ಮೆಲ್ಲಗೆ ಗಾಳಿ ತಟ್ಟತೊಡಗಿತು.

ಮೆಲ್ಲಗೆ ಇಳಿಸು, ಗಾಬರಿ ಬೇಡ, ನಾನಿದ್ದೀನಿ.

ನನ್ನ ಬೆರಳು ಹಾರ್ನಿನ ಮೇಲಿತ್ತು. ಮೈಯೆಲ್ಲ ಇಳಿಸು ಎನ್ನುತ್ತಿತ್ತು. ಜಗತ್ತಿನಲ್ಲಿ ನನಗೆ ಚೆನ್ನಾಗಿ ಗೊತ್ತಿರುವ ಮಾತು ಅದೊಂದೇ. ಆದರೆ ಅದು ಗೋಡೆಗೆ ಅಂಟಿಸಿದ್ದ ಚಾರ್ಟಿನಲ್ಲಿ ಇರಲಿಲ್ಲ. ಚಾರ್ಟಿನಲ್ಲಿಲ್ಲದ ಸನ್ನೆ ಬಂದರೆ ಏನು ಮಾಡಬೇಕೆಂದು ಆ ಕೈಯ ಒಡೆಯನೇ ನನಗೆ ಫೋನಿನಲ್ಲಿ ಹೇಳಿ ಹೇಳಿ ತಲೆಗೆ ತುಂಬಿಸಿದ್ದ. ನಾನು ಹಾರ್ನಿನಿಂದ ಬೆರಳು ತೆಗೆದೆ. ಲಿವರನ್ನು ನಡುವಿಗೆ ತಂದು ಬಿಟ್ಟೆ. ದಿಮ್ಮಿ ಗಾಳಿಯಲ್ಲಿ ನಿಂತಿತು.

"ಯಾಕೆ ನಿಲ್ಲಿಸಿದ್ರಿ?" ಎಂದರು ಮೇಸ್ತ್ರಿ.

ಮೇಸ್ತ್ರಿಯ ಕೈಯಲ್ಲಿದ್ದ ವೈರ್‌ಲೆಸ್ ತೆರೆದೇ ಇತ್ತು. ನಾನಾಡುವ ಮಾತು ಕೆಳಗೆ ಎಲ್ಲರಿಗೂ ಕೇಳುತ್ತದೆ. ಕೆಳಗೆ ಅವರು ಇನ್ನೂ ಗಾಳಿ ತಟ್ಟುತ್ತಲೇ ಇದ್ದರು, ಹಾರ್ನಿಗೆ ಕಾಯುತ್ತಿದ್ದರು.

"ಸಿಗ್ನಲ್ ಅರ್ಥ ಆಗ್ಲಿಲ್ಲ ಸರ್" ಎಂದೆ.

ಕೆಳಗೆ ಅವರ ಕೈ ಥಟ್ಟನೆ ನಿಂತಿತು. ಆಮೇಲೆ ಎರಡೂ ಕೈಗಳು ಪಕ್ಕಕ್ಕೆ ಇಳಿದವು. ಅಷ್ಟು ಎತ್ತರದಿಂದ ಮುಖ ಕಾಣುವುದಿಲ್ಲ ಎಂದೆನಲ್ಲ, ಅದೇ ಪುಣ್ಯ. ಸುರಕ್ಷತೆಯವರು ಶೆಡ್ಡಿನಿಂದ ಓಡಿಬಂದರು, ಹೆಲ್ಮೆಟ್ಟಿನ ಕೆಳಗೆ ಇಣುಕಿದರು, ಇವರನ್ನು ಪಕ್ಕಕ್ಕೆ ಸರಿಸಿ ಬೇರೆಯವರನ್ನು ನಿಲ್ಲಿಸಿದರು. ಬೇರೆಯವರ ಕೈ ಚಾರ್ಟಿನ ಪ್ರಕಾರ ಇಳಿಸು ಎಂದಿತು. ಹಾರ್ನ್ ಹೊಡೆದು ದಿಮ್ಮಿಯನ್ನು ಬಿಳಿ ಚೌಕದ ನಟ್ಟನಡುವೆ ಕೂರಿಸಿದೆ. ಕಣ್ಣು ಮಂಜಾಗಿದ್ದರೂ ಕೈ ತಪ್ಪಲಿಲ್ಲ.

ಮತ್ತೆ ಅದೇ ಕೋಣೆ, ಅದೇ ಮೇಜು. ಸುರಕ್ಷತೆಯವರ ಮುಖ ಕೆಂಪಗಾಗಿತ್ತು. "ಕೆಳಗಿರೋದು ನಿಮ್ಮ ಯಜಮಾನರು ಅಂತ ಯಾವಾಗ ಗೊತ್ತಾಯ್ತು?"

"ಅವರು ಬಂದು ನಿಂತಾಗ್ಲೇ ಸರ್."

"ಆವಾಗ್ಲೇ ಹೇಳ್ಬೇಕಿತ್ತು."

"ಹೌದು ಸರ್, ಹೇಳ್ಬೇಕಿತ್ತು."

"ಆ ಸನ್ನೆ ನಿಜವಾಗ್ಲೂ ಅರ್ಥ ಆಗ್ಲಿಲ್ವಾ?" ಎಂದರು ಮೇಡಂ. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ.

"ಆಯ್ತು ಮೇಡಂ. ಆದ್ರೆ ಅದು ಕ್ರೇನ್ ಭಾಷೆ ಅಲ್ಲ. ಅದು ನಮ್ಮ ಮನೆ ಮಾತು. ಅದನ್ನ ನಂಬಿ ಲೋಡ್ ಇಳಿಸೋ ಹಾಗಿಲ್ಲ."

ನನ್ನನ್ನು ಹೊರಗೆ ಕೂರಿಸಿದರು. ಒಳಗೆ ಮಾತು ಜೋರಾಗುತ್ತಿತ್ತು, ತಗ್ಗುತ್ತಿತ್ತು. ಮೇಸ್ತ್ರಿಯ ಒಂದು ಮಾತು ಮಾತ್ರ ಬಾಗಿಲು ದಾಟಿ ಬಂತು. "ಗಂಡನ ಕೈ ನೋಡಿಯೂ ನಿಲ್ಲಿಸಿದೋಳು, ಇನ್ಯಾರ ಕೈ ನೋಡಿ ಎಡವಟ್ಟು ಮಾಡ್ತಾಳ್ರೀ?" ಆಮೇಲೆ ಮೇಡಂ ಬಾಗಿಲಿಗೆ ಬಂದು ಹೇಳಿದರು. ಕೆಲಸ ನನ್ನದು. ಯಾರ್ಡಿನಲ್ಲಿ ನೋಟಿಸ್ ಕೊಟ್ಟು, ಅದರ ಅವಧಿ ಮುಗಿಸಿ ಬರಬೇಕು. ಇವರನ್ನು ಮತ್ತೆ ತರಬೇತಿಗೆ ಕಳಿಸುತ್ತಾರೆ, ಅದು ಮುಗಿಯುವತನಕ ಸಿಗ್ನಲ್ ಇಲ್ಲ, ಕೊಕ್ಕೆ ಸರಪಳಿ ಒರೆಸುವ ಕೆಲಸ. ನಾನು ಕೈ ಮುಗಿದೆ. ಸಂತೋಷಕ್ಕೋ ಸಂಕಟಕ್ಕೋ ನನಗೇ ತಿಳಿಯಲಿಲ್ಲ.

ಅವರು ಗೇಟಿನ ಹತ್ತಿರ ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ತಲೆಯಲ್ಲಿ ಬಿಳಿ ಕೂದಲು ಹೆಚ್ಚಾಗಿತ್ತು. ಎರಡು ಕೈಗಳೂ ಜೇಬಿನೊಳಗೆ. ಓಡಿಹೋಗಿ ತಬ್ಬಿಕೊಳ್ಳಬೇಕು ಎನ್ನಿಸಿತು. ಓಡಿಹೋಗಿ ಮಾಡಿದ್ದೇ ಬೇರೆ.

"ನಿಮಗೆ ತಲೆ ನೆಟ್ಟಗಿದ್ಯಾ? ಯಾರ್ರೀ ನಿಮ್ಮನ್ನ ಅಲ್ಲಿ ಬಂದು ನಿಲ್ಲಿ ಅಂದೋರು? ಎಲ್ಲಾ ಮಣ್ಣುಪಾಲಾಗ್ತಿತ್ತಲ್ರೀ! ನನಗೆ ಅಷ್ಟೆಲ್ಲ ಪಾಠ ಹೇಳಿ, ಕೊನೆಗೆ ನೀವೇ..."

"ಬೇರೆಯವರ ಕೈ ನೋಡಿ ನಿನಗೆ ಗಾಬರಿಯಾದ್ರೆ ಅಂತ" ಎಂದರು. "ಪಾಳಿ ಬದಲಾಯಿಸ್ಕೊಂಡೆ. ಚಾರ್ಟ್ ಪ್ರಕಾರಾನೇ ಮಾಡ್ತಿದ್ದೆ. ಲೋಡ್ ತೂಗಿದ ತಕ್ಷಣ ಕೈ ತಾನೇ..."

ಕೈ ಜೇಬಿನಿಂದ ಹೊರಗೆ ಬರಲಿಲ್ಲ. ಕೆಲಸ ಸಿಕ್ಕಿತು ಎಂದೆ. ಗೊತ್ತು ಎಂದು ತಲೆಯಾಡಿಸಿದರು, ಕಣ್ಣು ಒದ್ದೆಯಾಯಿತು. ಸರಪಳಿ ಒರೆಸುವುದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಸ್ಟೇಷನ್ನಿಗೆ ಹೋಗುವ ಬಸ್ಸು ತಿರುವಿನಲ್ಲಿ ಕಾಣಿಸಿತು. ಅದನ್ನು ಬಿಟ್ಟರೆ ರೈಲಿಲ್ಲ, ಅತ್ತೆ ಒಬ್ಬರೇ ಇದ್ದಾರೆ.

ಆಗ ಅವರು ನೆಲ ನೋಡುತ್ತ ಕೇಳಿದರು. "ಅರ್ಥ ಆಗ್ಲಿಲ್ಲ ಅಂದ್ಯಲ್ಲ. ವೈರ್‌ಲೆಸ್ಸಿನಲ್ಲಿ ಕೇಳಿಸ್ತು. ನಿಜವಾಗ್ಲೂ ಆಗ್ಲಿಲ್ವಾ?"

ಜೀವಮಾನವೆಲ್ಲ ವಟವಟ ಎಂದವಳು, ಉತ್ತರ ಕೊಡಲೇಬೇಕಾದ ಆ ಒಂದು ಪ್ರಶ್ನೆಗೆ ಮಾತು ಹುಡುಕುತ್ತ ನಿಂತೆ. ಈ ಮನುಷ್ಯ ಹೆದರಿದ್ದು ತರಬೇತಿಗಲ್ಲ, ಸರಪಳಿಗಲ್ಲ. ನಾಲ್ಕು ವರ್ಷ ಕಿವಿಯಲ್ಲಿ ಯಾರದ್ದೋ ಧ್ವನಿ ಕೇಳಿ ಕೇಳಿ ನಾನು ಅವರ ಕೈಯನ್ನು ಮರೆತೇಬಿಟ್ಟೆನೇನೋ ಎಂದು ಹೆದರಿದ್ದರು. ಬಸ್ಸು ಬಂದು ನಿಂತಿತು, ಹಿಂದಿನವರು ತಳ್ಳಿದರು, ಹತ್ತಿಬಿಟ್ಟೆ.

ಸೀಟು ಸಿಕ್ಕಿದ್ದು ಡ್ರೈವರನ ಹಿಂದೆಯೇ. ಕಿಟಕಿಯ ಗಾಜು ಎಳೆದೆ, ಅದು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಹೊರಗೆ ಅವರು ಬಸ್ಸಿನ ಜೊತೆಯೇ ನಾಲ್ಕು ಹೆಜ್ಜೆ ಬಂದು ನಿಂತರು. ಹೆಲ್ಮೆಟ್ಟನ್ನು ನೆಲಕ್ಕಿಟ್ಟರು. ಜೇಬಿನಿಂದ ಕೈ ತೆಗೆದರು. ಬಲಗೈ ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ, ಗಾಳಿಯನ್ನು ಮೆಲ್ಲಗೆ ತಟ್ಟಿದರು.

ಡ್ರೈವರ್ ಬಸ್ಸು ನಿಧಾನ ಮಾಡಿದ. "ಯಾರಮ್ಮ ಅವರು? ನನಗೆ ಮೆಲ್ಲಗೆ ಹೋಗು ಅಂತಿದಾರಾ?"

"ನಿಮಗಲ್ಲ ಅಣ್ಣಾ. ಅದು ನನಗೆ. ಒಂದ್ಸಲ ಹಾರ್ನ್ ಹೊಡೀರಿ."

"ಹಾರ್ನಾ? ಎದುರಿಗೆ ಯಾರೂ ಇಲ್ವಲ್ಲಮ್ಮ?"

"ಹೊಡೀರಿ ಅಂದ್ರೆ ಹೊಡೀರಿ ಅಣ್ಣಾ! ಚಿಕ್ಕದಾಗಿ, ಒಂದೇ ಒಂದು ಸಲ."

ಅವನು ನನ್ನ ಮುಖವನ್ನು ಕನ್ನಡಿಯಲ್ಲೊಮ್ಮೆ ನೋಡಿದ. ಏನನ್ನಿಸಿತೋ, ಹಾರ್ನ್ ಒತ್ತಿದ. ಪೀಂ.

ಗಾಜಿನಾಚೆ ಅವರ ಕೈ ಹಾಗೆಯೇ ನಿಂತಿತು. ಆಮೇಲೆ ಆ ಕೈಯಿಂದಲೇ ಕಣ್ಣೊರೆಸಿಕೊಂಡು, ಚಾರ್ಟಿನಲ್ಲಿದ್ದ ಹಾಗೆ ತೋಳನ್ನು ಪೂರ್ತಿ ಚಾಚಿ, ಮುಂದಕ್ಕೆ ಹೋಗು ಎಂದು ತೋರಿಸಿದರು.